ಬಿಣಗಾ ಘಟ್ಟದಲ್ಲಿ ಎಳೆಯದ ಗಾಡಿ

“ಕಾಲು ಪೂರ್ತಿ ಒತ್ತಿದ್ರೂ ಗಾಡಿ ಕೇಳೂದಿಲ್ಲ ಅಣ್ಣಾ” ಎಂದು ಹಾರವಾಡದವನೊಬ್ಬ ಬಂದು ಹೇಳಿದಾಗ ನಾನು ಯಾರದೋ ಜೀಪಿನ ಅಡಿಯಲ್ಲಿ ಮಲಗಿದ್ದೆ. ಪಿಕಪ್ ಇಲ್ಲ ಎಂಬ ದೂರು ಬಾಳೆಗುಳಿ ಕ್ರಾಸಿನ ನನ್ನ ಗ್ಯಾರೇಜಿಗೆ ಹೊಸದಲ್ಲ. ಅದಿರು ಲಾರಿಗಳ ಕಾಲ ಅದು. ಹುಬ್ಬಳ್ಳಿ ಕಡೆಯಿಂದ ಘಟ್ಟ ಇಳಿದು ಬಂದ ಲಾರಿಗಳು ಸಾಲುಗಟ್ಟಿ ಬೇಲೇಕೇರಿಗೂ ಕಾರವಾರ ಬಂದರಿಗೂ ಹೋಗುತ್ತಿದ್ದವು. ರಸ್ತೆ ಬದಿಯ ಮರ, ಮನೆಯ ಹಂಚು, ಒಣಹಾಕಿದ ಬಟ್ಟೆ ಎಲ್ಲವೂ ಕೆಂಪು. ಎಂಜಿನ್ನುಗಳ ಮೂಗಿಗೂ ಅದೇ ಧೂಳು. ಹಾಗಾಗಿ ನಾನು ಹೊರಗೆ ಬರುವ ಗೋಜಿಗೂ ಹೋಗದೆ, “ಏರ್ ಫಿಲ್ಟರ್ ಕಟ್ಟಿರ್ತದೆ ತಮಾ, ಅಲ್ಲೇ ನಿಲ್ಸಿ ಹೋಗು” ಎಂದೆ.

ಅವನು ಹೋಗಲಿಲ್ಲ. ನಾನು ಎದ್ದು ಬರುವ ತನಕ ಜೀಪಿನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ. ಮುಖ ನೋಡಿದಾಗಲೇ ಇದು ಬರೀ ಫಿಲ್ಟರಿನ ಮಾತಲ್ಲ ಎಂದು ಗೊತ್ತಾಯಿತು.

ಮೀನುಗಾರರ ಮನೆಯ ಹುಡುಗ. ಅಪ್ಪ ಇನ್ನೂ ದೋಣಿ ಬಿಟ್ಟಿರಲಿಲ್ಲ. ಮಗ ಮಾತ್ರ ಸಮುದ್ರ ಬಿಟ್ಟು, ಯಾರೋ ಓಡಿಸಿದ ಟರ್ಬೋ ಡೀಸೆಲ್ ಕಾರೊಂದನ್ನು ಕೊಂಡು ಬಾಡಿಗೆಗೆ ಓಡಿಸುತ್ತಿದ್ದ. ಹಿಂದಿನ ದಿನ ಹೆಂಡತಿಯನ್ನು ಕಾರವಾರದ ಡಾಕ್ಟರಿಗೆ ತೋರಿಸಲು ಹೊರಟಿದ್ದಾನೆ. ಬಿಣಗಾ ಘಟ್ಟದ ಏರಿನಲ್ಲಿ ಅದಿರು ತುಂಬಿದ ಲಾರಿಯೊಂದು ತೆವಳುತ್ತಿತ್ತು. ಎದುರು ಖಾಲಿ ಕಂಡಿತೆಂದು ಬಲಕ್ಕೆ ತೆಗೆದು ಕಾಲು ಒತ್ತಿದ್ದಾನೆ. ಲಾರಿಯ ಅರ್ಧಕ್ಕೆ ಬರುವಷ್ಟರಲ್ಲಿ ಗಾಡಿ ದಮ್ಮು ಬಿಟ್ಟಿದೆ. ಒತ್ತಿದ ಕಾಲು ಒತ್ತಿಯೇ ಇದೆ, ಗಾಡಿ ಮುಂದೆ ಹೋಗುತ್ತಿಲ್ಲ, ತಿರುವಿನಲ್ಲಿ ಬಸ್ಸು. ಲಾರಿಯ ಡ್ರೈವರ್ ಪುಣ್ಯಾತ್ಮ, ತಾನೇ ನಿಧಾನ ಮಾಡಿ ಜಾಗ ಕೊಟ್ಟಿದ್ದರಿಂದ ಬದುಕಿದರು.

“ಅವ್ಳಿಗೆ ಏಳು ತಿಂಗ್ಳು ಅಣ್ಣಾ. ಮೊದ್ಲಿನ ಕೂಸು ಹೊಟ್ಟೆಲೇ ಹೋಯ್ತು. ಈ ಸಲನೂ ಬಿಪಿ, ಕಾಲೆಲ್ಲ ಬಾವು. ತಲೆನೋವು ಜೋರಾದ್ರೆ, ಕಣ್ಣು ಮಂಜಾದ್ರೆ ಇದ್ದ ಹಾಂಗೇ ಕರ್ಕಂಡ್ ಬಾ ಅಂದಾರೆ ಡಾಕ್ಟರು. ಅವತ್ತು ಈ ಗಾಡಿ ನಡು ರಸ್ತೆಲಿ ಹಿಂಗೇ ಮಾಡಿದ್ರೆ ನಾ ಎಂತ ಮಾಡ್ಲಿ?”

ನಾನು ಅಂದೇ ಫಿಲ್ಟರು ಬಿಚ್ಚಿದೆ. ಕೊಡವಿದರೆ ಕುಂಕುಮದಂತೆ ಧೂಳು ಉದುರಿತು. ಹೊಸದು ಹಾಕಿದೆ. ಡೀಸೆಲ್ ಫಿಲ್ಟರಿನ ತಳದಲ್ಲಿ ನೀರಿತ್ತು, ಅದನ್ನೂ ಬದಲಿಸಿದೆ. ಅವರ್ಸಾ ತನಕ ಓಡಿಸಿ ನೋಡಿದೆ. ಗಾಡಿ ಚೆನ್ನಾಗಿ ಎಳೆಯಿತು. ಸಮುದ್ರದ ಉಪ್ಪುಗಾಳಿಗೆ ನಮ್ಮ ಕಡೆಯ ಗಾಡಿಗಳ ಅಡಿಭಾಗ ಹಪ್ಪಳದ ಹಾಗೆ ಉದುರುತ್ತದೆ, ಇವನ ಗಾಡಿಗೆ ಒಂದು ಚೂರೂ ತುಕ್ಕಿಲ್ಲ. ಚೆನ್ನಾಗಿ ಇಟ್ಟುಕೊಂಡಿದ್ದಾನೆ ಎಂದು ಮನಸ್ಸಿನಲ್ಲೇ ಮೆಚ್ಚಿ ಕೀಲಿಕೈ ಕೊಟ್ಟೆ.

ವಾರ ಕಳೆಯುವ ಮೊದಲೇ ವಾಪಸು ಬಂದ. ಅದೇ ಘಟ್ಟ, ಅದೇ ಕಥೆ. ಈ ಸಲ ಯಾರನ್ನೂ ಹಿಂದೆ ಹಾಕಲು ಹೋಗಿರಲಿಲ್ಲ, ಆದರೂ ಏರಿನಲ್ಲಿ ಹಿಂದಿನ ಲಾರಿ ಮೈಮೇಲೆ ಬಂದ ಹಾಗಾಯಿತಂತೆ.

ಟರ್ಬೋ ಎಂದರೆ ದೊಡ್ಡ ಗುಟ್ಟೇನಲ್ಲ. ಎಂಜಿನ್ ಬಿಡುವ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ, ಆ ಚಕ್ರ ಇನ್ನೊಂದನ್ನು ತಿರುಗಿಸಿ ಹೊರಗಿನ ಗಾಳಿಯನ್ನು ಒತ್ತಿ ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಹೆಚ್ಚು ಗಾಳಿ, ಹೆಚ್ಚು ಡೀಸೆಲ್, ಹೆಚ್ಚು ಶಕ್ತಿ. ಗಾಳಿ ಕಡಿಮೆಯಾದರೆ ಡೀಸೆಲ್ ಪೂರ್ತಿ ಉರಿಯದೆ ಕಪ್ಪು ಹೊಗೆಯಾಗಿ ಹೋಗುತ್ತದೆ, ಗಾಡಿ ಸೋಮಾರಿಯಾಗುತ್ತದೆ. ಹಾಗಾಗಿ ಟರ್ಬೋದ ಬಾಯಿ ಬಿಚ್ಚಿ ಚಕ್ರವನ್ನು ಬೆರಳಲ್ಲಿ ಅಲುಗಿಸಿ ನೋಡಿದೆ. ಅಲುಗಾಟವಿರಲಿಲ್ಲ, ಸಲೀಸಾಗಿ ತಿರುಗಿತು. ಎಂಜಿನ್ ಚಾಲು ಮಾಡಿ ಗಾಳಿ ಹೋಗುವ ಪೈಪುಗಳಿಗೆಲ್ಲ ಸೋಪಿನ ನೀರು ಹಚ್ಚಿದೆ. ಒಂದು ಗುಳ್ಳೆಯೂ ಬರಲಿಲ್ಲ. ಹಾಗಾದರೆ ಪಂಪಿನದೇ ತಂಟೆ ಎಂದು ತೀರ್ಮಾನಿಸಿ, ಡೀಸೆಲ್ ಪಂಪನ್ನು ಇಳಿಸಿ ಹುಬ್ಬಳ್ಳಿಗೆ ಕಳಿಸಿದೆ. ಅದು ಬರುವ ತನಕ ಗಾಡಿ ನನ್ನಲ್ಲಿ, ಅವನು ದಿನಕ್ಕೊಂದು ಸಲ ಬಸ್ಸಿನಲ್ಲಿ ಬಂದು ಬಾನೆಟ್ಟಿನೊಳಗೆ ಬಗ್ಗಿ ನೋಡಿ ಹೋಗುತ್ತಿದ್ದ. ಪಂಪಿನಲ್ಲಿ ಏನೂ ದೋಷವಿಲ್ಲ ಎಂದು ಹುಬ್ಬಳ್ಳಿಯವರು ಹಾಗೇ ವಾಪಸು ಕಳಿಸಿದರು.

ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಯಾವಾಗಲೂ ಎದುರಿಗೆ ಸಿಕ್ಕಿದವರ ಮೇಲೆ ಹೋಗುತ್ತದೆ. “ನಿನ್ನ ಗಾಡಿ ಸರಿ ಇದೆ ಮಾರಾಯಾ, ನಿನ್ನ ಕಾಲೇ ಹೆದರ್ತದೆ” ಎಂದೆ.

ಅವನು ಜಗಳಕ್ಕೆ ಬರಲಿಲ್ಲ. “ಇಲ್ಲಿಂದ ಹಾರವಾಡದ ತನಕ ಚೆಂದ ಓಡ್ತದೆ ಅಣ್ಣಾ. ಒಬ್ನೇ ಇದ್ರೆ ಎಂತದೂ ಇಲ್ಲ. ಅವ್ಳು, ಅವ್ವ, ಅಪ್ಪ ಎಲ್ಲ ಕೂತ್ರೆ ಆ ಘಟ್ಟದಲ್ಲಿ ಮಾತ್ರ ಹಿಂಗೆ. ಅವ್ಳು ಹತ್ತಿದ್ರೇ ಹಿಂಗಾಗ್ತದೆ ಅಂತ ಅವ್ವ ಹೇಳೂಕೆ ಸುರು ಮಾಡಿದಾಳೆ.”

ಕಡೆಯ ಮಾತು ಕೇಳಿ ನನ್ನ ಸಿಟ್ಟು ಇಳಿಯಿತು. ಮೊದಲ ಕೂಸು ಕಳಕೊಂಡ ಹೆಂಗಸಿನ ತಲೆಗೆ ಇದನ್ನೂ ಕಟ್ಟುತ್ತಿದ್ದಾರೆ! ಆದರೆ ಆ ಮಾತಿನಲ್ಲೇ ನನಗೆ ಬೇಕಾದ್ದೂ ಇತ್ತು. ಭಾರ. ನಾನು ಇಷ್ಟು ದಿನ ಖಾಲಿ ಗಾಡಿಯನ್ನು ಸಪಾಟು ರಸ್ತೆಯಲ್ಲಿ ಓಡಿಸಿ ಸರಿಯಿದೆ ಎನ್ನುತ್ತಿದ್ದೆ. ನಿಂತಲ್ಲೇ ಎಂಜಿನ್ ಗುರುಗುಟ್ಟಿಸಿದರೆ ಪೈಪಿನಲ್ಲಿ ಒತ್ತಡವೇ ಇರುವುದಿಲ್ಲ, ಸೋಪಿನ ಗುಳ್ಳೆ ಎಲ್ಲಿಂದ ಬರಬೇಕು?

ಪಕ್ಕದ ಅಂಗಡಿಯಿಂದ ದನದ ಹಿಂಡಿಯ ಚೀಲಗಳನ್ನು ಕಡ ತಂದು ಹಿಂದಿನ ಸೀಟಿನ ತುಂಬ ಹೇರಿದೆವು. ಅಂಗಡಿಯವನು ನಮ್ಮಿಬ್ಬರಿಗೂ ತಲೆ ಕೆಟ್ಟಿದೆ ಎಂಬಂತೆ ನೋಡಿದ. ನಾನು ಸ್ಟಿಯರಿಂಗ್ ಹಿಡಿದೆ, ಹಾರವಾಡದವನು ಪಕ್ಕದಲ್ಲಿ ಕೂತ. ಅಮದಳ್ಳಿ ದಾಟಿತು, ತೋಡೂರು ದಾಟಿತು, ಅರಗಾದ ನೌಕಾನೆಲೆಯ ಉದ್ದ ಗೋಡೆ ಮುಗಿಯಿತು. ಘಟ್ಟದ ಏರು ಶುರುವಾದಾಗ ಮೂರನೇ ಗೇರಿಗೆ ಹಾಕಿ ಕಾಲು ತಳದ ತನಕ ಒತ್ತಿದೆ.

ಮೊದಲು ಎಳೆಯಿತು. ಆಮೇಲೆ ಕೆಳಗೆಲ್ಲೋ ಹಾವು ಬುಸುಗುಟ್ಟಿದಂತೆ ಸದ್ದಾಯಿತು, ಎಂಜಿನ್ನಿನ ದನಿ ಕುಗ್ಗಿತು. ಕನ್ನಡಿಯಲ್ಲಿ ಕಪ್ಪು ಹೊಗೆ. ಹೊಗೆಯೊಳಗಿಂದ ಒಂದು ಅದಿರು ಲಾರಿಯ ಮೂತಿ ದೊಡ್ಡದಾಗುತ್ತ ಬಂತು, ಹಾರ್ನು ಹೊಡೆಯುತ್ತಲೇ ಇತ್ತು. ನನ್ನ ಕಾಲಡಿಯಲ್ಲಿ ಇನ್ನು ಒತ್ತಲು ಜಾಗವೇ ಇರಲಿಲ್ಲ. ಎಡಗಡೆ ಕಣಿವೆ, ಆಚೆಗೆ ಸಮುದ್ರ. ಇಷ್ಟು ವರ್ಷ ಗಾಡಿಗಳ ನಡುವೆ ಬದುಕಿದವನು ನಾನು, ಅವತ್ತು ನನ್ನ ಅಂಗೈ ಬೆವರಿ ಸ್ಟಿಯರಿಂಗ್ ಜಾರಿತು. ಪಕ್ಕದವನು ಡ್ಯಾಶ್‌ಬೋರ್ಡು ಹಿಡಿದು ರಸ್ತೆಯನ್ನೇ ನೋಡುತ್ತಿದ್ದ. ಇವನ ಕಾಲಿನ ಬಗ್ಗೆ ನಾನು ಆಡಿದ ಮಾತು ನೆನಪಾಗಿ ನಾಚಿಕೆಯಾಯಿತು.

ಮೇಲೆ ಜಾಗ ಸಿಕ್ಕಲ್ಲಿ ನಿಲ್ಲಿಸಿ ಬಾನೆಟ್ ಎತ್ತಿದೆ. ಸದ್ದು ಬಂದದ್ದು ಅಡಿಯಿಂದ. ರಸ್ತೆಯ ಬದಿಯಲ್ಲೇ ಮಲಗಿ, ಟರ್ಬೋ ಒತ್ತಿದ ಗಾಳಿಯನ್ನು ಎಂಜಿನ್ನಿಗೆ ಸಾಗಿಸುವ ದಪ್ಪ ರಬ್ಬರ್ ಪೈಪನ್ನು ಕೆಳಗಿನಿಂದ ತಡವಿದೆ. ಕಣ್ಣಿಗೆ ಸರಿಯಾಗೇ ಇತ್ತು. ಹಿಂಡಿ ನೋಡಿದೆ. ಗಟ್ಟಿಯಾಗಿರಬೇಕಾದ ರಬ್ಬರು ನೆನೆಸಿಟ್ಟ ಗೋಣಿಯಂತೆ ಮೆತ್ತಗೆ ಒಳಗೆ ಹೋಯಿತು. ಬಗ್ಗಿಸಿದಾಗ ಹೊಟ್ಟೆಯ ಭಾಗದಲ್ಲಿ ಉದ್ದಕ್ಕೆ ಸೀಳು ಬಾಯಿ ತೆರೆಯಿತು. ಬಿಟ್ಟರೆ ಮತ್ತೆ ಮುಚ್ಚಿಕೊಂಡಿತು. ಒತ್ತಡ ಬಿದ್ದಾಗ ಮಾತ್ರ ಗಾಳಿಯೆಲ್ಲ ಅಲ್ಲಿಂದ ಹೊರಗೆ.

ಬೆರಳು ಮೂಸಿದೆ. ಮೀನಿನ ವಾಸನೆ.

“ಎಂತ ಹಚ್ಚಿದ್ದೀರಾ ಇದ್ಕೆ?”

“ಅದಾ? ಅಪ್ಪ ಹಚ್ಚಿದ್ದು” ಎಂದ, ಸ್ವಲ್ಪ ಹೆಮ್ಮೆಯಿಂದಲೇ.

ಮಳೆಗಾಲಕ್ಕೆ ಮುಂಚೆ ದೋಣಿಯನ್ನು ದಡಕ್ಕೆ ಎಳೆದು ಎಣ್ಣೆ ಹಚ್ಚುವುದು ಅವರ ಮನೆಯ ರೂಢಿ. ತಾರ್ಲೆ ಮೀನಿನ ಎಣ್ಣೆಗೆ ಬೋಟಿನ ಎಂಜಿನ್ನಿನಿಂದ ತೆಗೆದ ಸುಟ್ಟ ಆಯಿಲ್ ಬೆರೆಸಿ, ತೆಂಗಿನ ಸಿಪ್ಪೆಯಲ್ಲಿ ಅದ್ದಿ ಹಲಗೆ ಕುಡಿಯುವಷ್ಟು ತಿಕ್ಕುತ್ತಾರೆ. ಆಮೇಲೆ ಉಪ್ಪುನೀರೂ ತಿನ್ನುವುದಿಲ್ಲ, ಹುಳವೂ ಕೊರೆಯುವುದಿಲ್ಲ. ಆ ವರ್ಷ ಅಂಗಳಕ್ಕೆ ಗಾಡಿಯೂ ಬಂದಿತ್ತು. ಮುದುಕನಿಗೆ ಅದೂ ಮನೆಯದೇ ಒಂದು ದೋಣಿ. ಕಲ್ಲು ಕೊಟ್ಟು ಎತ್ತರಿಸಿ, ಅಡಿಯಲ್ಲಿ ಮಲಗಿ, ಕೈಗೆ ಸಿಕ್ಕಿದ್ದಕ್ಕೆಲ್ಲ ಹಚ್ಚಿದ್ದಾನೆ. ಮಳೆ ಮುಗಿದ ಮೇಲೆ ಇನ್ನೊಂದು ಸಲ. ಕಬ್ಬಿಣಕ್ಕೆ ಅದರಿಂದ ಒಳ್ಳೆಯದೇ ಆಗಿತ್ತು. ನಾನು ಮೆಚ್ಚಿದ ಆ ತುಕ್ಕಿಲ್ಲದ ಅಡಿಭಾಗ ಅವನ ಕೈಯ ಕೆಲಸ. ಆದರೆ ರಬ್ಬರು ಮರವಲ್ಲ. ಎಣ್ಣೆ ಕುಡಿದರೆ ಅದು ಉಬ್ಬಿ, ಮೆತ್ತಗಾಗಿ, ಒಳಗೊಳಗೇ ಪದರ ಬಿಡುತ್ತ ಬರುತ್ತದೆ.

ಹುಬ್ಬಳ್ಳಿ ಬಸ್ಸಿನಲ್ಲಿ ಹೊಸ ಪೈಪು ತರಿಸಿ ಕೂರಿಸಿದೆ. ಮತ್ತೆ ಹಿಂಡಿ ಚೀಲ ಹೇರಿ ಹೊರಟೆವು. ಈ ಸಲ ಅವನೇ ಓಡಿಸಿದ. ಅವರ್ಸಾ ಬರುವ ಮೊದಲೇ ಗೊತ್ತಾಯಿತು, ಇದು ಬೇರೆಯೇ ಗಾಡಿ. ಕಾಲು ಇಟ್ಟರೆ ಸಾಕು, ಬೆನ್ನು ಸೀಟಿಗೆ ಅಂಟುತ್ತಿತ್ತು. ಸಾಲಾಗಿ ಹೋಗುತ್ತಿದ್ದ ಲಾರಿಗಳನ್ನು ಒಂದೇ ಉಸಿರಿಗೆ ಹಿಂದೆ ಹಾಕಿ ಅವನು ಮಕ್ಕಳ ಹಾಗೆ ನಕ್ಕ. “ಕಂಡ್ರಾ ಅಣ್ಣಾ! ಇನ್ನು ಯಾವಾಗ ಕರೆದ್ರೂ ಕಾರವಾರ ಮುಟ್ಟಿಸ್ತೆ.” ನಾನೂ ನಕ್ಕೆ.

ಮುಂದೆ ಒಂದು ದನ ಅಡ್ಡ ಬಂತು. ಅವನು ಬ್ರೇಕು ಹಾಕಿದ. ಗಾಡಿ ನಿಂತಿತು, ಆದರೆ ನಿಲ್ಲುವ ಮೊದಲು ಮೂತಿ ಬಲಕ್ಕೆ, ಎದುರು ಗಾಡಿ ಬರುವ ಕಡೆಗೆ ಸರಿಯಿತು. ತುಂಬ ಅಲ್ಲ, ಒಂದು ಮೊಳ. ದನ ಎದ್ದುಬಿದ್ದು ಓಡಿತು, ಅವನು ಅದಕ್ಕೆ ಬೈದು ಮತ್ತೆ ಗೇರು ಹಾಕಿದ. ನನ್ನ ನಗು ಅಲ್ಲೇ ನಿಂತುಹೋಯಿತು.

“ತಿರುಗ್ಸು” ಎಂದೆ.

“ಯಾಕ್ರಾ? ಘಟ್ಟ ನೋಡೂದಿಲ್ವಾ?”

“ತಿರುಗ್ಸು ಅಂದ್ನಲ್ಲ. ನಿಧಾನ ಹೋಗು.”

ವಾಪಸು ಬರುವಾಗ ಉದ್ದಕ್ಕೂ ಒಂದೇ ಯೋಚನೆ. ಮುದುಕ ಕೈಗೆ ಸಿಕ್ಕಿದ್ದಕ್ಕೆಲ್ಲ ಹಚ್ಚಿದ್ದಾನೆ. ಗಾಡಿಯ ಅಡಿಯಲ್ಲಿ ಕೈಗೆ ಸಿಗುವ ರಬ್ಬರು ಅದೊಂದೇ ಅಲ್ಲ. ಒಂದೊಂದು ಚಕ್ರದ ಹತ್ತಿರವೂ ಬ್ರೇಕಿನ ಎಣ್ಣೆ ಸಾಗಿಸುವ ಗೇಣುದ್ದದ ಹೋಸ್ ಇರುತ್ತದೆ. ಅದೂ ರಬ್ಬರು. ಇಷ್ಟು ದಿನ ಈ ಗಾಡಿಗೆ ಭಾರ ಹೊತ್ತು ಜೋರಾಗಿ ಓಡುವ ಶಕ್ತಿಯೇ ಇರಲಿಲ್ಲ, ಹಾಗಾಗಿ ಜೋರಾಗಿ ನಿಲ್ಲಿಸುವ ಪ್ರಸಂಗವೂ ಬಂದಿರಲಿಲ್ಲ. ಓಡುವ ಶಕ್ತಿಯನ್ನು ನಾನು ಈಗಷ್ಟೇ ಕೊಟ್ಟಿದ್ದೆ.

ಗ್ಯಾರೇಜಿಗೆ ಬಂದು ಚೀಲ ಇಳಿಸಿ, ಜಾಕು ಕೊಡಲು ಬಗ್ಗಿದ್ದೆ. ಅವನ ಮೊಬೈಲು ಹೊಡೆಯಿತು. ಮಾತಾಡಿದ್ದು ಅವನ ತಾಯಿ. ಆಕೆಯ ದನಿ ನನಗೂ ಕೇಳುವಷ್ಟು ಎತ್ತರದಲ್ಲಿತ್ತು. ಸೊಸೆಗೆ ಬೆಳಿಗ್ಗೆಯಿಂದ ತಲೆನೋವು, ಹೇಳಿರಲಿಲ್ಲ. ಈಗ ಕಣ್ಣು ಕತ್ತಲೆ ಬರುತ್ತದೆ ಅನ್ನುತ್ತಿದ್ದಾಳೆ, ಬೇಗ ಬಾ.

ಅವನು ಡ್ರೈವರ್ ಬಾಗಿಲಿಗೆ ಹಾರಿದ. ಕೀಲಿಕೈ ನನ್ನ ಜೇಬಿನಲ್ಲಿತ್ತು.

“ಕೊಡಿ ಅಣ್ಣಾ.”

“ಈ ಗಾಡಿ ಬೇಡ. ಬ್ರೇಕಿನ ಮೇಲೆ ನಂಗೆ ಅನುಮಾನ ಅದೆ.”

“ಈಗಷ್ಟೇ ನಿಂತ್ತಲ್ಲ! ದನ ಬಂದಾಗ ನಿಂತ್ತಲ್ಲ!”

“ನಿಂತ್ತು. ಇನ್ನೊಂದ್ಸಲ ನಿಲ್ತದೆ ಅಂತ ನಾ ಹೇಳೂಕೆ ತಯಾರಿಲ್ಲ.”

“ನಿಂಗೆ ಎಂತ ಗೊತ್ತಾಗ್ತದೆ? ಫಿಲ್ಟರ್ ಅಂದೆ, ಪಂಪ್ ಅಂದೆ, ನನ್ನ ಕಾಲು ಅಂದೆ!” ಅವನು ನನ್ನ ಅಂಗಿಯ ಕಾಲರಿಗೆ ಕೈ ಹಾಕಿದ. ಅಣ್ಣಾ ಹೋಗಿ ನೀನು ಬಂದಿತ್ತು. “ಅವ್ಳಿಗೆ ಏನಾರೂ ಆದ್ರೆ ನಿನ್ನ ಗ್ಯಾರೇಜಿಗೆ ಬೆಂಕಿ ಇಡ್ತೆ.”

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಆ ಗಾಡಿಯ ವಿಷಯದಲ್ಲಿ ಆಡಿದ ಮಾತೆಲ್ಲ ತಪ್ಪಾಗಿತ್ತು. ಈಗಲೂ ತಪ್ಪಿದರೆ? ಸುಮ್ಮನೆ ಹಿಡಿದಿಟ್ಟ ಗಾಡಿಯಿಂದ ಒಂದು ಜೀವ ಹೋದರೆ? ಚಕ್ರ ಬಿಚ್ಚಿ ಹೋಸ್ ತೋರಿಸುವಷ್ಟು ಹೊತ್ತು ಇರಲಿಲ್ಲ. ಕೀಲಿಕೈ ತೆಗೆದು ಅವನ ಕೈಗಿಟ್ಟೆ.

“ಕೂಡು. ಎಂಜಿನ್ ಚಾಲು ಮಾಡು. ಗೇರ್ ಹಾಕ್ಬೇಡ. ಘಟ್ಟ ಇಳೀತಾ ಇದ್ದೀ, ಹೆಂಡ್ತಿ ಪಕ್ಕದಲ್ಲಿದ್ದಾಳೆ, ಎದುರಿಗೆ ಲಾರಿ ಬಂತು. ಹಂಗೆ ಬ್ರೇಕ್ ಒತ್ತು. ಏನೂ ಆಗ್ಲಿಲ್ಲ ಅಂದ್ರೆ ಹೋಗು, ನಾ ತಡಿಯೂದಿಲ್ಲ.”

ಅವನು ಹಲ್ಲು ಕಚ್ಚಿ ಒತ್ತಿದ. ಏನೂ ಆಗಲಿಲ್ಲ. ನನ್ನನ್ನು ನೋಡಿದ. “ಇನ್ನೊಂದ್ಸಲ” ಎಂದೆ. ಸೀಟಿನಿಂದ ಎದ್ದು ಮೈಭಾರವನ್ನೆಲ್ಲ ಹಾಕಿ ಒತ್ತಿದ. ಮುಂದಿನ ಎಡ ಚಕ್ರದ ಹಿಂದೆ ಪಟ್ ಎಂದು ಒಂದು ಸದ್ದು, ಸಣ್ಣದು. ಬ್ರೇಕಿನ ಎಣ್ಣೆ ಚಿಮ್ಮಿ ನೆಲಕ್ಕೆ ಹರಿಯಿತು. ಅವನ ಕಾಲು ಪೆಡಲಿನೊಂದಿಗೆ ತಳಕ್ಕೆ ಹೋಗಿ ಅಲ್ಲೇ ಉಳಿಯಿತು.

ಎಂಜಿನ್ ಮಾತ್ರ ಓಡುತ್ತಿತ್ತು. ಅವನು ಕಾಲು ತೆಗೆಯಲೂ ಇಲ್ಲ, ಇಳಿಯಲೂ ಇಲ್ಲ. ನಾನೇ ಕೈ ಹಾಕಿ ಎಂಜಿನ್ ಆಫ್ ಮಾಡಿದೆ. “ಊರಲ್ಲಿ ಯಾರ ಗಾಡಿ ಅದೆ, ಫೋನ್ ಮಾಡು” ಎಂದು ಗದರಿದ ಮೇಲೆ ಅವನಿಗೆ ಎಚ್ಚರವಾಯಿತು. ನೆರೆಮನೆಯವನ ಮೀನಿನ ಟೆಂಪೋ ಆಗಷ್ಟೇ ಮಂಜುಗಡ್ಡೆ ತುಂಬಿಕೊಂಡು ನಿಂತಿತ್ತಂತೆ. ಮಂಜುಗಡ್ಡೆಯನ್ನು ದಡದ ಹೊಯ್ಗೆಯ ಮೇಲೆ ಸುರಿದು, ಚಾಪೆ ಹಾಸಿ, ಆಕೆಯನ್ನು ಮಲಗಿಸಿಕೊಂಡು ಹೊರಟರು. ಇವನು ರಸ್ತೆಗೆ ಓಡಿ, ಕಾರವಾರ ಬಂದರಿಗೆ ಹೋಗುವ ಒಂದು ಅದಿರು ಲಾರಿಗೆ ಅಡ್ಡ ನಿಂತು ಹತ್ತಿಹೋದ.

ಆ ದಿನ ನಾನು ಬೇರೆ ಕೆಲಸ ಮುಟ್ಟಲಿಲ್ಲ. ಇವನ ಗಾಡಿಯ ನಾಲ್ಕೂ ಚಕ್ರ ಬಿಚ್ಚಿದೆ. ಒಡೆದ ಹೋಸಿನ ಒಳಗಿನ ದಾರಿ ಬಾತು ಸೂಜಿ ತೂರುವಷ್ಟೂ ಇರಲಿಲ್ಲ. ಎಡ ಚಕ್ರಕ್ಕೆ ಬ್ರೇಕು ಹತ್ತದೆ ಗಾಡಿ ಬಲಕ್ಕೆ ಎಳೆದದ್ದು ಅದಕ್ಕೇ. ಬಲಗಡೆಯದರ ಮೇಲೂ ಗೇರುಬೀಜದಷ್ಟು ಉಬ್ಬು ಎದ್ದಿತ್ತು. ಫೋನು ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಮಾಡಲು ಧೈರ್ಯವಿರಲಿಲ್ಲ, ಬಂದರೆ ಎತ್ತಲೂ ಧೈರ್ಯವಿರಲಿಲ್ಲ. ಮಧ್ಯಾಹ್ನದ ಊಟ ಹಾಗೇ ತಣ್ಣಗಾಯಿತು.

ಸಂಜೆ ಹೊತ್ತಿಗೆ ಫೋನು ಬಂತು. ಟೆಂಪೋದಲ್ಲೇ ಆಕೆಗೆ ಒಂದು ಸಲ ಫಿಟ್ಸಿನ ಸೆಳೆತ ಬಂದಿತ್ತಂತೆ. ಕೂಡಲೇ ಆಪರೇಷನ್ ಮಾಡಿ ಕೂಸನ್ನು ತೆಗೆದಿದ್ದರು. ಹೆಣ್ಣು, ಅಂಗೈಯಲ್ಲಿ ಹಿಡಿಯುವಷ್ಟು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ತಾಯಿಗೆ ಎಚ್ಚರ ಬಂದಿದೆ. ಇಷ್ಟು ಹೇಳಿ ಅವನು ಅತ್ತ. ನಾನೂ ಅತ್ತೆ, ಅದನ್ನು ಮುಚ್ಚಿಟ್ಟೇನು ಉಪಯೋಗ.

“ಅಪ್ಪಗೆ ಮಾತ್ರ ಹೇಳ್ಬೇಡಿ ಅಣ್ಣಾ” ಎಂದ. “ಹೋಸ್ ಹಳೇದಾಗಿತ್ತು ಅಂತ ಹೇಳಿದೇನೆ.”

ಕೂಸು ಗಾಜಿನ ಪೆಟ್ಟಿಗೆಯಿಂದ ಹೊರಗೆ ಬಂದ ವಾರದಲ್ಲಿ ಮುದುಕ ನನ್ನಲ್ಲಿಗೆ ಬಂದ. ಮಗ ಆಸ್ಪತ್ರೆಯಲ್ಲೇ ಇದ್ದ. ಮುದುಕ ಗಾಡಿಯ ಸುತ್ತ ಒಂದು ಸಲ ನಡೆದು, ಬಗ್ಗಿ ಅಡಿಗೆ ನೋಡಿದ. ನಾನು ಎಲ್ಲವನ್ನೂ ಸೀಮೆಎಣ್ಣೆ ಹಾಕಿ ತೊಳೆದಿದ್ದೆ.

“ಒಡೆದದ್ದು ಯಾವ್ದು ತಮಾ?”

“ಎಲ್ಲೋ ಬಿಸಾಡ್ದೆ ಮಾವಾ. ಹಳೇ ಹೋಸ್, ಆಯುಷ್ಯ ಮುಗ್ದಿತ್ತು.”

ಅವನು ಮೂಲೆಯ ಗುಜರಿ ಡಬ್ಬದ ಕಡೆಗೆ ಹೋದ. ನಾನು ತಡೆಯುವಷ್ಟರಲ್ಲಿ ಕೈ ಹಾಕಿ, ಕಬ್ಬಿಣದ ಚೂರುಗಳ ನಡುವಿನಿಂದ ಅದನ್ನೇ ಎತ್ತಿಕೊಂಡ. ಹೆಬ್ಬೆರಳಿನಿಂದ ಒತ್ತಿ ನೋಡಿದ. ಮೂಗಿನ ಹತ್ತಿರ ಹಿಡಿದ. ಬಲೆ ಎಳೆದು ಎಳೆದು ದಪ್ಪಗಾದ ಬೆರಳುಗಳು ಅವು, ಆ ಮೆತ್ತಗಿನ ರಬ್ಬರನ್ನು ಹಿಡಿದು ಹಾಗೇ ನಿಂತವು.

“ಮಾವಾ, ಬಿಡಿ ಅದ್ನ” ಎಂದೆ. “ಕೂಸು ಹುಷಾರಿದೆಯಲ್ಲ.”

“ಎಡದ್ದು ಹೌದಾ?”

ನನ್ನ ಕಣ್ಣು ತಾನಾಗೇ ಗಾಡಿಯ ಮುಂದಿನ ಎಡ ಚಕ್ರದ ಕಡೆಗೆ ಹೋಯಿತು.

“ಈ ಗಾಲಿ ಬುಡಕ್ಕೆ ಒಂದ್ ಕೈ ಹೆಚ್ಗೆ ಹಚ್ಚಿದ್ದೆ” ಎಂದ ಮುದುಕ. “ಸೊಸೆ ಈ ಬದಿಗೇ ಕೂಡ್ತಿದ್ಳು.”